ಒಂದೇ ಬೆಲೆ, ಇಬ್ಬರು ರಿಸೀವರ್‌ಗಳು: ಫ್ರೀ ಏಜೆಂಟ್‌ನ ಅಳೆಯೋದು ಹೇಗೆ?

ಕಳೆದ ಸೆಮಿಸ್ಟರ್‌ನಲ್ಲಿ ಪೈಥಾನ್ ಮಿನಿ ಪ್ರಾಜೆಕ್ಟ್ ಅಂತ ಬಂದಾಗ ನಮ್ಮ ಕ್ಲಾಸಿನ ಅರ್ಧಕ್ಕರ್ಧ ಟೀಮ್‌ಗಳು ಐಪಿಎಲ್ ಡೇಟಾ ಹಿಡ್ಕೊಂಡವು. ನಾವು ನಾಲ್ಕು ಜನ ಲೇಟಾಗಿ ಎಚ್ಚೆತ್ತವರು. ನಮ್ಮ ಪಾಲಿಗೆ ಉಳಿದದ್ದು ಅಮೆರಿಕನ್ ಫುಟ್‌ಬಾಲ್. ಅದರ ಡೇಟಾ ಪುಕ್ಕಟೆಯಾಗಿ ಸಿಗುತ್ತೆ, ನಮ್ಮಲ್ಲಿ ಒಬ್ಬ ಭಾನುವಾರ ರಾತ್ರಿ ಹತ್ತೂವರೆಗೆ ಹಾಸ್ಟೆಲ್‌ನಲ್ಲಿ ಕೂತು ಎನ್ಎಫ್ಎಲ್ ಮ್ಯಾಚ್ ನೋಡೋನು, ಹಾಗಾಗಿ ಧೈರ್ಯ ಮಾಡಿದ್ವಿ. ನಾವು ಆರಿಸಿಕೊಂಡ ಪ್ರಶ್ನೆ ಇದು: ಒಂದು ತಂಡ ಹೊರಗಿನಿಂದ ಒಬ್ಬ ವೈಡ್ ರಿಸೀವರ್‌ನ ದುಡ್ಡು ಕೊಟ್ಟು ತರಬೇಕಾದರೆ ಏನು ನೋಡಬೇಕು?

ಮೊದಲ ಸಲ ನಾವು ಮಾಡಿದ್ದು ಬಹಳ ಸುಲಭದ ಕೆಲಸ. 2019ರ ಸೀಸನ್ನಿನ ಎಲ್ಲಾ ರಿಸೀವರ್‌ಗಳನ್ನ ಹಾಕಿ, ಟಚ್‌ಡೌನ್ ಮತ್ತು ಗಜಗಳ ಪ್ರಕಾರ ಸಾರ್ಟ್ ಮಾಡಿ, ಮೇಲಿದ್ದ ಹೆಸರುಗಳಿಗೆ ಬಣ್ಣ ಹಚ್ಚಿದ್ವಿ. ರಿವ್ಯೂ ದಿನ ಗೈಡ್ ಸರ್ ಒಂದೇ ಪ್ರಶ್ನೆ ಕೇಳಿದರು: "ಇದು ಅವನ ನಂಬರಾ, ಅವನ ಟೀಮಿನ ನಂಬರಾ?" ನಾಲ್ಕು ಜನವೂ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಕಲಿತದ್ದನ್ನ ಇಲ್ಲಿ ಬರೆಯುತ್ತಾ ಇದ್ದೀವಿ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಪ್ರತಿ ತಂಡದಲ್ಲೂ 11 ಜನ. ಚೆಂಡು ಕೈಲಿರುವ ತಂಡಕ್ಕೆ 10 ಗಜ ಮುಂದೆ ಹೋಗೋಕೆ ನಾಲ್ಕು ಅವಕಾಶ. (ಯಾರ್ಡ್ ಅಂದ್ರೆ ನಮ್ಮ ಗಜಾನೇ, ಮೂರು ಅಡಿ. ಹಾಗಾಗಿ ಗಜ ಅಂತಲೇ ಬರೀತೀವಿ. ರಿಸೀವರ್‌ಗೆ ಮಾತ್ರ ಕನ್ನಡ ಪದ ಹುಡುಕಿ ಸೋತಿದ್ದೀವಿ.) ಕ್ವಾರ್ಟರ್‌ಬ್ಯಾಕ್ ಚೆಂಡು ಎಸೀತಾನೆ. ಅವನ ಮುಂದೆ ಐದು ಜನ ದಢೂತಿ ಲೈನ್‌ಮೆನ್ ಗೋಡೆ ಥರ ನಿಂತು ಎದುರಾಳಿಗಳನ್ನ ತಡೀತಾರೆ. ಆ ಗೋಡೆ ನಿಲ್ಲೋದು ಹೆಚ್ಚುಕಡಿಮೆ ಮೂರು ಸೆಕೆಂಡ್. ಅಷ್ಟರೊಳಗೆ ವೈಡ್ ರಿಸೀವರ್ ಮೊದಲೇ ಗೊತ್ತುಮಾಡಿದ ದಾರಿಯಲ್ಲಿ ಓಡಿ, ತನ್ನನ್ನ ಕಾಯುತ್ತಿರುವ ಡಿಫೆಂಡರ್‌ನಿಂದ ತಪ್ಪಿಸಿಕೊಂಡು, ಚೆಂಡು ಹಿಡೀಬೇಕು. ಆ ದಾರಿಗೆ ರೂಟ್ ಅಂತಾರೆ.

ಕ್ರಿಕೆಟ್‌ನಲ್ಲಿ ಬ್ಯಾಟ್ಸ್‌ಮನ್ ಕ್ರೀಸಿಗೆ ಬಂದರೆ ಚೆಂಡು ಬಂದೇ ಬರುತ್ತೆ. ರಿಸೀವರ್ ಹಾಗಲ್ಲ. ಅವನು ಅದ್ಭುತವಾಗಿ ಓಡಿ ಒಬ್ಬನೇ ನಿಂತಿದ್ದರೂ ಎಸೆಯೋನು ಆ ಕಡೆ ನೋಡದಿದ್ರೆ ಸ್ಕೋರ್‌ಕಾರ್ಡ್‌ನಲ್ಲಿ ಸೊನ್ನೆ. ಅಂದರೆ ರಿಸೀವರ್‌ನ ಪ್ರತಿ ಅಂಕಿಯಲ್ಲೂ ಎಸೆದವನ ಪಾಲು, ಗೋಡೆ ನಿಂತವರ ಪಾಲು, ಕೋಚ್ ಬರೆದ ಪ್ಲಾನಿನ ಪಾಲು ಸೇರಿರುತ್ತೆ. (ನಮ್ಮ ಲ್ಯಾಬ್ ಇಂಟರ್ನಲ್ಸ್ ಮಾರ್ಕ್ಸ್‌ನಲ್ಲೂ ಪಕ್ಕದ ಬೆಂಚಿನವರ ಪಾಲಿದೆ, ಆ ವಿಷಯ ಬೇಡ.)

ಇನ್ನು ಫ್ರೀ ಏಜೆಂಟ್. ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಆಟಗಾರನ ಮೊದಲ ಕಾಂಟ್ರಾಕ್ಟ್ ನಾಲ್ಕು ವರ್ಷದ್ದು. ಅದು ಮುಗಿದ ಮೇಲೆ ಮಾರ್ಚ್ ಮಧ್ಯದಲ್ಲಿ ಮಾರುಕಟ್ಟೆ ತೆರೆದಾಗ ಅವನು ಯಾವ ತಂಡಕ್ಕಾದರೂ ಹೋಗಬಹುದು. ತಂಡಗಳಿಗೆ ಖರ್ಚಿನ ಮಿತಿ ಇದೆ, ಅದಕ್ಕೆ ಸ್ಯಾಲರಿ ಕ್ಯಾಪ್ ಅಂತ ಹೆಸರು. 2020ರಲ್ಲಿ ಒಂದು ತಂಡದ ಕ್ಯಾಪ್ 19.82 ಕೋಟಿ ಡಾಲರ್ ಇತ್ತು. ಕೋವಿಡ್ ಹೊಡೆತಕ್ಕೆ 2021ರಲ್ಲಿ 18.25 ಕೋಟಿಗೆ ಇಳೀತು, 2022ರಲ್ಲಿ 20.82 ಕೋಟಿಗೆ ಏರಿತು.

ನಾವು ಹೋಲಿಸಿದ ಇಬ್ಬರ ಕಾಂಟ್ರಾಕ್ಟ್‌ಗಳೂ ಒಂದೇ ಸೈಜಿನವು. 2021ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ ಡೆಟ್ರಾಯಿಟ್ ಲಯನ್ಸ್‌ನ ಕೆನ್ನಿ ಗಾಲಡೇಗೆ ನಾಲ್ಕು ವರ್ಷಕ್ಕೆ 7.2 ಕೋಟಿ ಡಾಲರ್ ಕೊಟ್ಟಿತು, ಅದರಲ್ಲಿ 4 ಕೋಟಿ ಖಾತರಿ. ಸರಿಯಾಗಿ ಒಂದು ವರ್ಷದ ನಂತರ ಜ್ಯಾಕ್ಸನ್‌ವಿಲ್ ಜಾಗ್ವಾರ್ಸ್ ತಂಡ ಅರಿಝೋನಾ ಕಾರ್ಡಿನಲ್ಸ್‌ನ ಕ್ರಿಶ್ಚಿಯನ್ ಕರ್ಕ್‌ಗೆ ಕೊಟ್ಟದ್ದೂ ನಾಲ್ಕು ವರ್ಷಕ್ಕೆ 7.2 ಕೋಟಿ, ಖಾತರಿ 3.7 ಕೋಟಿ. ಬೋನಸ್ ಷರತ್ತುಗಳೆಲ್ಲ ಈಡೇರಿದರೆ 8.4 ಕೋಟಿವರೆಗೂ ಹೋಗಬಹುದಿತ್ತು. ಜನ ನಕ್ಕದ್ದು ಕರ್ಕ್ ಕಾಂಟ್ರಾಕ್ಟ್ ನೋಡಿ. ಒಂದು ಸೀಸನ್ನಿನಲ್ಲೂ 1000 ಗಜ ದಾಟದವನಿಗೆ ಇಷ್ಟು ದುಡ್ಡಾ ಅಂತ.

ಇಲ್ಲೇ ಒಂದು ಸಣ್ಣ ಲೆಕ್ಕ. ವರ್ಷಕ್ಕೆ ಸರಾಸರಿ 1.8 ಕೋಟಿ ಅಂದರೆ 2021ರ ಕ್ಯಾಪ್‌ನಲ್ಲಿ ಶೇ. 9.9, 2022ರ ಕ್ಯಾಪ್‌ನಲ್ಲಿ ಶೇ. 8.6. ಎರಡರ ಬೆಲೆ ಒಂದೇ ಥರ ಕಾಣುತ್ತೆ, ಆದರೆ ಕರ್ಕ್ ಒಂದು ಮಟ್ಟಿಗೆ ಅಗ್ಗ. ಡಾಲರ್‌ಗಿಂತ ಕ್ಯಾಪ್‌ನ ಶೇಕಡಾವಾರು ನೋಡಬೇಕು ಅನ್ನೋದು ನಮ್ಮ ಶೀಟ್‌ನಲ್ಲಿ ಆದ ಮೊದಲ ತಿದ್ದುಪಡಿ.

ಈಗ ಗಾಲಡೇ. 6 ಅಡಿ 4 ಇಂಚು ಎತ್ತರ. 2018ರಲ್ಲಿ 70 ಕ್ಯಾಚ್, 1063 ಗಜ, 5 ಟಚ್‌ಡೌನ್. 2019ರಲ್ಲಿ 65 ಕ್ಯಾಚ್, 1190 ಗಜ, 11 ಟಚ್‌ಡೌನ್, ಅದು ಆ ವರ್ಷ ಇಡೀ ಲೀಗ್‌ನ ರಿಸೀವರ್‌ಗಳಲ್ಲೇ ಅತಿ ಹೆಚ್ಚು. ನಮ್ಮ ಬಣ್ಣ ಹಚ್ಚಿದ ಪಟ್ಟಿಯ ಹೀರೋ ಇವರೇ.

ಆದರೆ ಬಿಡಿಸಿ ನೋಡಿ. 2018ರಲ್ಲಿ 14 ಕ್ಯಾಚಿಗೆ ಒಂದು ಟಚ್‌ಡೌನ್, ಮರುವರ್ಷ ಆರು ಕ್ಯಾಚಿಗೆ ಒಂದು. ಕ್ಯಾಚುಗಳು ಐದು ಕಮ್ಮಿಯಾಗಿ ಟಚ್‌ಡೌನ್ ಎರಡು ಪಟ್ಟಿಗಿಂತ ಜಾಸ್ತಿ. ಟಚ್‌ಡೌನ್ ಸಂಖ್ಯೆ ಹೀಗೇ ಏರಿಳಿಯುತ್ತೆ, ಒಂದು ವರ್ಷದ್ದನ್ನ ನಂಬಿ ದುಡ್ಡು ಸುರಿಯೋದು ಒಂದು ಸೆಂಚುರಿ ನೋಡಿ ಓಪನರ್‌ನ ಕೊಂಡ ಹಾಗೆ. ಅದಕ್ಕಿಂತ ಗಟ್ಟಿಯಾದ ಅಳತೆ ಟಾರ್ಗೆಟ್ಟಿಗೆ ಎಷ್ಟು ಗಜ ಅನ್ನೋದು. ಟಾರ್ಗೆಟ್ ಅಂದರೆ ಅವನ ಕಡೆಗೆ ಎಸೆದ ಚೆಂಡು. ಗಾಲಡೇ ಕಡೆ 2019ರಲ್ಲಿ 116 ಸಲ ಎಸೆದರು, ಟಾರ್ಗೆಟ್ಟಿಗೆ 10.3 ಗಜ. ಇದು ನಿಜಕ್ಕೂ ಜೋರಾದ ಅಂಕಿ. ಆದರೆ ಹಿಡಿದದ್ದು ಶೇ. 56 ಮಾತ್ರ. ಅಂದರೆ ದೂರದ ಚೆಂಡುಗಳು, ಕಷ್ಟದ ಚೆಂಡುಗಳು.

ಎನ್ಎಫ್ಎಲ್ ಆಟಗಾರರ ಶೋಲ್ಡರ್ ಪ್ಯಾಡ್‌ನಲ್ಲಿ ಆರ್‌ಎಫ್‌ಐಡಿ ಚಿಪ್ ಇರುತ್ತೆ. (ಇಸಿಇ ಗೆಳೆಯರು ಖುಷಿಪಡಬಹುದು.) ಅದರಿಂದ ಚೆಂಡು ಬಂದು ಮುಟ್ಟುವ ಕ್ಷಣಕ್ಕೆ ರಿಸೀವರ್‌ಗೂ ಹತ್ತಿರದ ಡಿಫೆಂಡರ್‌ಗೂ ನಡುವೆ ಎಷ್ಟು ಗಜ ಅಂತರ ಇತ್ತು ಅಂತ ತಿಳಿಯುತ್ತೆ. ಇದಕ್ಕೆ ಸೆಪರೇಷನ್ ಅಂತಾರೆ. ಗಾಲಡೇ ಹೆಸರು ಈ ಪಟ್ಟಿಯಲ್ಲಿ ಕೆಳಗಡೆ ಇರುತ್ತಿತ್ತು. ಡಿಫೆಂಡರ್ ಮೈಗೆ ಅಂಟಿಕೊಂಡಿದ್ದರೂ ಎತ್ತರಕ್ಕೆ ಹಾರಿ ಚೆಂಡು ಕಿತ್ತುಕೊಳ್ಳೋದು ಅವರ ಶಕ್ತಿ. ಅದು ದೊಡ್ಡ ಪ್ರತಿಭೆಯೇ, ಅನುಮಾನ ಇಲ್ಲ. ಆದರೆ ಆ ಪ್ರತಿಭೆ ಕೆಲಸ ಮಾಡಬೇಕಾದರೆ ರಿಸೀವರ್ ಖಾಲಿ ಇಲ್ಲ ಅಂತ ಕಾಣುತ್ತಿದ್ದರೂ ಹಿಡೀತಾನೆ ಅಂತ ನಂಬಿ ಎಸೆಯೋ ಎದೆಗಾರಿಕೆ ಕ್ವಾರ್ಟರ್‌ಬ್ಯಾಕ್‌ಗೆ ಬೇಕು. ಡೆಟ್ರಾಯಿಟ್‌ನಲ್ಲಿ ಮ್ಯಾಥ್ಯೂ ಸ್ಟಾಫರ್ಡ್ ಅಂಥವರು. ಜೈಂಟ್ಸ್ ಪರವಾಗಿಯೂ ಒಂದು ವಾದ ಇದೆ: 2019ರಲ್ಲಿ ಸ್ಟಾಫರ್ಡ್ ಆಡಿದ್ದು ಎಂಟೇ ಪಂದ್ಯ, ಉಳಿದ ಎಂಟಕ್ಕೆ ಬದಲಿ ಕ್ವಾರ್ಟರ್‌ಬ್ಯಾಕ್‌ಗಳು, ಆದರೂ ಗಾಲಡೇ ವರ್ಷ ಚೆನ್ನಾಗೇ ಮುಗೀತು. ಈ ವಾದವನ್ನ ನಾವು ತಳ್ಳಿಹಾಕಲ್ಲ.

ಆದರೆ 2020ರಲ್ಲಿ ಗಾಯದಿಂದಾಗಿ ಗಾಲಡೇ ಆಡಿದ್ದು ಐದೇ ಪಂದ್ಯ. ಅವರನ್ನ ಇನ್ನೊಂದು ವರ್ಷ ಹಿಡಿದಿಟ್ಟುಕೊಳ್ಳುವ ಫ್ರಾಂಚೈಸ್ ಟ್ಯಾಗ್ ಅನ್ನೋ ಹಕ್ಕು ಲಯನ್ಸ್‌ಗೆ ಇತ್ತು, ಅವರು ಬಳಸಲಿಲ್ಲ. ನಾಲ್ಕು ವರ್ಷ ದಿನಾ ಪ್ರಾಕ್ಟೀಸ್‌ನಲ್ಲಿ ನೋಡಿದವರೇ ಬಿಟ್ಟುಕೊಟ್ಟರು ಅಂದರೆ ಕೊಳ್ಳೋನು ಒಂದು ನಿಮಿಷ ನಿಲ್ಲಬೇಕು. ಹಸು ಕೊಳ್ಳೋರು ಮಾರೋನು ಯಾಕೆ ಮಾರುತ್ತಿದ್ದಾನೆ ಅಂತ ಕೇಳಲ್ವಾ?

ಮುಂದೇನಾಯ್ತು? ಜೈಂಟ್ಸ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಡೇನಿಯಲ್ ಜೋನ್ಸ್, ಮುಂದಿನ ಗೋಡೆ ದುರ್ಬಲ. ದೂರದ ಚೆಂಡಿಗೆ ಬೇಕಾದ ಆ ಮೂರು ಸೆಕೆಂಡೇ ಸಿಗುತ್ತಿರಲಿಲ್ಲ. ನವೆಂಬರ್‌ನಲ್ಲಿ ಅಫೆನ್ಸ್ ನೋಡಿಕೊಳ್ಳುತ್ತಿದ್ದ ಕೋಚ್ ಜೇಸನ್ ಗ್ಯಾರೆಟ್ ವಜಾ. ಜೋನ್ಸ್ ಕುತ್ತಿಗೆ ಗಾಯದಿಂದ ಕೊನೆಯ ಆರು ಪಂದ್ಯ ಇಲ್ಲ. ತಂಡ 4 ಗೆಲುವು, 13 ಸೋಲು. ಗಾಲಡೇ 14 ಪಂದ್ಯದಲ್ಲಿ 37 ಕ್ಯಾಚ್, 521 ಗಜ, ಟಚ್‌ಡೌನ್ ಸೊನ್ನೆ. ಟಾರ್ಗೆಟ್ಟಿಗೆ 10.3 ಇದ್ದದ್ದು 6.9ಕ್ಕೆ ಬಂತು. 2022ರಲ್ಲಿ ಇಡೀ ಸೀಸನ್ನಿಗೆ 6 ಕ್ಯಾಚ್, 81 ಗಜ. ಜೈಂಟ್ಸ್ ಪರ ಅವರ ಒಂದೇ ಟಚ್‌ಡೌನ್ ಬಂದದ್ದು ಆ ಸೀಸನ್ನಿನ ಕೊನೇ ಲೀಗ್ ಪಂದ್ಯದಲ್ಲಿ, ಫಿಲಡೆಲ್ಫಿಯಾ ಈಗಲ್ಸ್ ವಿರುದ್ಧ, ಅದೂ ಒಂಟಿ ಕೈಯಲ್ಲಿ ಹಿಡಿದ ಸುಂದರ ಕ್ಯಾಚ್. ಆ ವಿಡಿಯೋ ನೋಡಿದಾಗ ನಮಗೆ ಸಂಕಟ ಆಯ್ತು. 2023ರ ಮಾರ್ಚ್‌ನಲ್ಲಿ ತಂಡ ಅವರನ್ನ ಕೈಬಿಟ್ಟಿತು. ಖಾತರಿ ದುಡ್ಡನ್ನಷ್ಟೇ ಭಾಗಿಸಿದರೂ ಗಜಕ್ಕೆ ಸುಮಾರು 66,000 ಡಾಲರ್. ಇನ್ನು ಸ್ಟಾಫರ್ಡ್, ಅದೇ 2021ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್‌ಗೆ ಹೋಗಿ ಆ ಸೀಸನ್ನಿನ ಸೂಪರ್ ಬೌಲ್ ಗೆದ್ದರು.

ಕರ್ಕ್ ಕಥೆ ಬೇರೆ. ಎತ್ತರ 5 ಅಡಿ 11 ಇಂಚು. ಅವರು ಹೆಚ್ಚಾಗಿ ಆಡುತ್ತಿದ್ದದ್ದು ಸ್ಲಾಟ್‌ನಲ್ಲಿ, ಅಂದರೆ ಅಂಚಿನಲ್ಲಲ್ಲ, ಸ್ವಲ್ಪ ಒಳಗೆ. ಅಲ್ಲಿ ಎರಡೂ ಕಡೆ ತಿರುಗೋಕೆ ಜಾಗ ಇರುತ್ತೆ, ಚೆಂಡು ಬೇಗ ಬರುತ್ತೆ, ಗೋಡೆ ಸ್ವಲ್ಪ ಬೇಗ ಕುಸಿದರೂ ನಡೆಯುತ್ತೆ. 2021ರಲ್ಲಿ 103 ಟಾರ್ಗೆಟ್, 77 ಕ್ಯಾಚ್, 982 ಗಜ. ಹಿಡಿದದ್ದು ಶೇ. 75, ಟಾರ್ಗೆಟ್ಟಿಗೆ 9.5 ಗಜ. 1000ಕ್ಕೆ 18 ಗಜ ಕಮ್ಮಿ ಅನ್ನೋದನ್ನ ಹಿಡಿದು ಜನ ನಗುತ್ತಿದ್ದರು. ವಯಸ್ಸು 25. ಗಾಲಡೇ ಸಹಿ ಹಾಕಿದಾಗ 27. ಜಾಗ್ವಾರ್ಸ್ ಹಿಂದಿನ ವರ್ಷ 3 ಗೆದ್ದು 14 ಸೋತ ತಂಡ, ಆದರೆ ಎರಡನೇ ವರ್ಷದ ಕ್ವಾರ್ಟರ್‌ಬ್ಯಾಕ್ ಟ್ರೆವರ್ ಲಾರೆನ್ಸ್ ಇದ್ದರು, ಡಗ್ ಪೀಡರ್ಸನ್ ಹೊಸ ಕೋಚ್ ಆಗಿ ಬಂದಿದ್ದರು. ಬೇಗ ಖಾಲಿ ಜಾಗ ಹುಡುಕೋ ಒಬ್ಬ ಅವರಿಗೆ ಬೇಕಿತ್ತು. ಫಲ: 2022ರಲ್ಲಿ 84 ಕ್ಯಾಚ್, 1108 ಗಜ, 8 ಟಚ್‌ಡೌನ್. ತಂಡ 9-8ಕ್ಕೆ ಏರಿ ತನ್ನ ಡಿವಿಷನ್ ಗೆದ್ದಿತು.

ಇಲ್ಲೂ ಒಂದು ಮಾತು ಹೇಳಲೇಬೇಕು, ಇಲ್ಲದಿದ್ರೆ ಮೋಸ ಆಗುತ್ತೆ. 133 ಟಾರ್ಗೆಟ್ ಸಿಕ್ಕಾಗ ಕರ್ಕ್‌ನ ಟಾರ್ಗೆಟ್ಟಿಗೆ ಗಜ 8.3ಕ್ಕೆ ಇಳೀತು. ಹೆಚ್ಚು ಎಸೆದಷ್ಟೂ ಎದುರಾಳಿ ಹೆಚ್ಚು ಕಾಯ್ತಾನೆ, ಇದು ಎಲ್ಲರಿಗೂ ಆಗೋದೇ. ಮುಂದೆ ಗಾಯಗಳಾಗಿ 2023ರಲ್ಲಿ 12, 2024ರಲ್ಲಿ 8 ಪಂದ್ಯ ಮಾತ್ರ ಆಡಿ, 2025ರ ಮಾರ್ಚ್‌ನಲ್ಲಿ ಹ್ಯೂಸ್ಟನ್ ಟೆಕ್ಸನ್ಸ್‌ಗೆ ಟ್ರೇಡ್ ಆದರು. ಸರಿಯಾಗಿ ಅಳೆದು ಕೊಂಡರೂ ಮೂಳೆ ಮುರಿಯೋದನ್ನ ಸ್ಪ್ರೆಡ್‌ಶೀಟ್ ತಡೆಯಲ್ಲ.

ಇದೆಲ್ಲ ಸೇರಿಸಿ ನಮ್ಮ ಹೊಸ ಶೀಟ್‌ನಲ್ಲಿ ಎರಡು ಕಾಲಂ ಮಾಡಿದ್ವಿ: ಗಂಟುಮೂಟೆ ಕಟ್ಟಿ ಹೊರಟಾಗ ಅವನ ಜೊತೆ ಬರೋದು ಏನು, ಹಳೇ ಮನೆಯಲ್ಲೇ ಉಳಿಯೋದು ಏನು. ರೂಟ್ ಓಡೋ ಕಲೆ, ಕೈ, ವಯಸ್ಸು, ಗಾಯದ ಇತಿಹಾಸ ಜೊತೆಗೆ ಬರುತ್ತೆ. ಕ್ವಾರ್ಟರ್‌ಬ್ಯಾಕ್, ಟಾರ್ಗೆಟ್ ಸಂಖ್ಯೆ, ಪಕ್ಕದಲ್ಲಿ ಓಡಿ ಡಿಫೆಂಡರ್‌ನ ಸೆಳೆಯುತ್ತಿದ್ದ ಗೆಳೆಯ, ಇವೆಲ್ಲ ಅಲ್ಲೇ ಉಳಿಯುತ್ತೆ. ತಂಡ ದುಡ್ಡು ಕೊಡಬೇಕಾದದ್ದು ಮೊದಲ ಕಾಲಂಗೆ. ಹೆಚ್ಚಿನ ಸಲ ಕೊಡೋದು ಎರಡನೇದಕ್ಕೆ.

ಅದಕ್ಕೆ ಹರಾಜೂ ಒಂದು ಕಾರಣ. ಹತ್ತು ತಂಡಗಳು ಒಬ್ಬನ ಬೆಲೆ ಅಂದಾಜು ಮಾಡಿದವು ಅಂದ್ಕೊಳ್ಳಿ. ಸರಾಸರಿ ಸರಿಯಾಗೇ ಇರಬಹುದು, ಆದರೆ ಆಟಗಾರ ಹೋಗೋದು ಸರಾಸರಿಯ ಹತ್ತಿರ ಇದ್ದವರಿಗಲ್ಲ, ಎಲ್ಲರಿಗಿಂತ ಹೆಚ್ಚು ಅಂದಾಜು ಮಾಡಿದವರಿಗೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ವಿನ್ನರ್ಸ್ ಕರ್ಸ್ ಅಂತಾರೆ, ಗೆದ್ದವನಿಗೆ ಶಾಪ. ಐಪಿಎಲ್ ಹರಾಜು ನೋಡುವ ನಮಗೆ ಇದನ್ನ ಹೆಚ್ಚು ವಿವರಿಸಬೇಕಿಲ್ಲ.

ಕಾಂಟ್ರಾಕ್ಟ್ ಓದುವಾಗ ದೊಡ್ಡ ಅಂಕಿ ಬಿಟ್ಟು ಖಾತರಿ ಹಣ ನೋಡಿ. ಸಹಿ ಬೋನಸ್ 2 ಕೋಟಿ ಕೊಟ್ಟು ನಾಲ್ಕು ವರ್ಷದ ಕಾಂಟ್ರಾಕ್ಟ್ ಮಾಡಿದರೆ ಕ್ಯಾಪ್ ಲೆಕ್ಕದಲ್ಲಿ ಅದು ವರ್ಷಕ್ಕೆ 50 ಲಕ್ಷದಂತೆ ಹಂಚಿಕೆಯಾಗುತ್ತೆ. ಎರಡು ವರ್ಷಕ್ಕೇ ಕೈಬಿಟ್ಟರೆ ಉಳಿದ 1 ಕೋಟಿ ಲೆಕ್ಕದಲ್ಲಿ ಹಾಗೇ ಇರುತ್ತೆ, ಆಟಗಾರ ಇರಲ್ಲ. ಇದಕ್ಕೆ ಡೆಡ್ ಮನಿ ಅಂತ ಹೆಸರು.

ಇನ್ನೊಂದು ವಿಷಯ, ವಿಡಿಯೋ. ಯೂಟ್ಯೂಬ್ ಹೈಲೈಟ್ಸ್ ನೋಡಿ ಯಾರನ್ನೂ ಕೊಳ್ಳಬೇಡಿ, ಅದರಲ್ಲಿ ಎಲ್ಲರೂ ದೇವರೇ. 22 ಜನರೂ ಕಾಣುವ ಆಲ್-22 ಅನ್ನೋ ಕೋನದಲ್ಲಿ, ಚೆಂಡು ಅವನ ಕಡೆ ಬಾರದ ಆಟಗಳನ್ನ ನೋಡಬೇಕು. ಆಗಲೂ ಅವನು ಮನಸಿಟ್ಟು ಓಡ್ತಾನಾ?

ಕೊನೆಗೆ ನಿಮಗೊಂದು ಅಭ್ಯಾಸ. 2023ರ ಜುಲೈ. ಡಿಯಾಂಡ್ರೆ ಹಾಪ್ಕಿನ್ಸ್, ವಯಸ್ಸು 31, ಅರಿಝೋನಾ ಕೈಬಿಟ್ಟಿದೆ. ಹಿಂದಿನ ವರ್ಷ 9 ಪಂದ್ಯದಲ್ಲಿ 64 ಕ್ಯಾಚ್, 717 ಗಜ. ಓಟದಲ್ಲಿ ಮಿಂಚಲ್ಲ. ಗಾಲಡೇ ಥರಾನೇ ಡಿಫೆಂಡರ್ ಮೈಮೇಲಿದ್ದಾಗಲೂ ಚೆಂಡು ಕಸಿಯೋರು. ಆದರೆ 2015ರಲ್ಲಿ ಹ್ಯೂಸ್ಟನ್‌ನಲ್ಲಿ ನಾಲ್ಕು ಬೇರೆ ಬೇರೆ ಕ್ವಾರ್ಟರ್‌ಬ್ಯಾಕ್‌ಗಳ ಜೊತೆ ಆಡಿ 111 ಕ್ಯಾಚ್, 1521 ಗಜ ಮಾಡಿದ್ದರು. ನೀವು ತಂಡದ ಜನರಲ್ ಮ್ಯಾನೇಜರ್ ಆಗಿದ್ದರೆ ಎರಡು ಕಾಲಂಗಳಲ್ಲಿ ಏನೇನು ಬರೀತೀರಿ? ಓದೋದು ನಿಲ್ಲಿಸಿ, ಬರೆದು ನೋಡಿ.

ಟೆನೆಸ್ಸೀ ಟೈಟನ್ಸ್ ಎರಡು ವರ್ಷಕ್ಕೆ 2.6 ಕೋಟಿ ಕೊಟ್ಟು ಕರೆದುಕೊಂಡರು. ಆ ಸೀಸನ್ನಿನಲ್ಲಿ 75 ಕ್ಯಾಚ್, 1057 ಗಜ, 7 ಟಚ್‌ಡೌನ್. ಅಕ್ಟೋಬರ್ ಕೊನೆಗೆ ವಿಲ್ ಲೆವಿಸ್ ಅನ್ನೋ ಹೊಸ ಹುಡುಗ ಕ್ವಾರ್ಟರ್‌ಬ್ಯಾಕ್ ಆಗಿ ಮೊದಲ ಪಂದ್ಯ ಆಡಿ ನಾಲ್ಕು ಟಚ್‌ಡೌನ್ ಎಸೆದ. ಅದರಲ್ಲಿ ಮೂರು ಹಿಡಿದದ್ದು ಹಾಪ್ಕಿನ್ಸ್.