ಕೈಗೆಟುಕುವ ಕರಾವಳಿ: ರಾತ್ರಿ ರೈಲು, ಡಾರ್ಮಿಟರಿ ಮಂಚ, ಊರ ಬಸ್ಸು

ಮಳೆಗಾಲ ಮುಗಿದು ಬಿಸಿಲು ಬಿದ್ದ ಮೇಲೆ, ನವೆಂಬರ್‌ನಿಂದ ಫೆಬ್ರುವರಿ ಕೊನೆಯವರೆಗೆ, ನಮ್ಮ ಕರಾವಳಿ ನೋಡಲು ಹೇಳಿ ಮಾಡಿಸಿದ ಕಾಲ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯ ಎಷ್ಟೋ ಮನೆಗಳಲ್ಲಿ ‘ಒಮ್ಮೆ ಗೋಕರ್ಣಕ್ಕೆ ಹೋಗಿಬರೋಣ’ ಎಂಬ ಮಾತು ಪ್ರತಿ ವರ್ಷ ಏಳುತ್ತದೆ. ಕಾರಿನ ಬಾಡಿಗೆ, ರೆಸಾರ್ಟಿನ ದರ ವಿಚಾರಿಸಿದ ಕೂಡಲೇ ಆ ಮಾತು ತಣ್ಣಗಾಗುತ್ತದೆ. ಈ ಎರಡೂ ಇಲ್ಲದೆ ಕರಾವಳಿಯನ್ನು ಚೆನ್ನಾಗಿಯೇ ನೋಡಬಹುದು. ಪ್ರಯಾಣದಲ್ಲಿ ಉಳಿಸಿ, ಮಲಗುವ ಜಾಗದಲ್ಲಿ ಉಳಿಸಿ. ಊಟದಲ್ಲಿ, ಸುರಕ್ಷತೆಯಲ್ಲಿ ಮಾತ್ರ ಕೈ ಹಿಡಿಯಬೇಡಿ. ಮುಂದಿನ ಲೆಕ್ಕಾಚಾರವೆಲ್ಲ ಇದರ ಮೇಲೆಯೇ ನಿಂತಿದೆ.

ಮೊದಲು ದಿನ ಗೊತ್ತು ಮಾಡಿ

ಊರಿಗಿಂತ ಮೊದಲು ದಿನ ನಿರ್ಧಾರವಾಗಬೇಕು, ಯಾಕೆಂದರೆ ಅದೇ ಮಂಚಕ್ಕೆ ಶನಿವಾರ ಒಂದು ದರ, ಮಂಗಳವಾರ ಇನ್ನೊಂದು ದರ. ರಜೆ ಹೊಂದಿಸಿಕೊಳ್ಳಲು ಸಾಧ್ಯವಿರುವವರು ಭಾನುವಾರ ಸಂಜೆ ಹೊರಟು ಬುಧವಾರ ಅಥವಾ ಗುರುವಾರ ಮರಳುವುದು ಒಳ್ಳೆಯದು. ದಸರಾ ರಜೆ, ಡಿಸೆಂಬರ್ ಕೊನೆಯ ವಾರ ಬೇಡ. ಶಿವರಾತ್ರಿಗೆ ಗೋಕರ್ಣದಲ್ಲಿ ಜಾತ್ರೆ, ರಥೋತ್ಸವ. ದೇವರ ದರ್ಶನಕ್ಕೆಂದೇ ಹೋಗುವವರಿಗೆ ಅದು ಸರಿ, ಕಡಲ ದಂಡೆಯಲ್ಲಿ ನಿರಾಳವಾಗಿ ಇರಬೇಕೆನ್ನುವವರಿಗೆ ಅಲ್ಲ. ಸಮ ಸಂಖ್ಯೆಯ ವರ್ಷಗಳಲ್ಲಿ ಜನವರಿ 18ರಂದು ಉಡುಪಿಯಲ್ಲಿ ಪರ್ಯಾಯ ನಡೆಯುತ್ತದೆ. ಆ ಹೊತ್ತಿನಲ್ಲಿ ಊರಿನಲ್ಲಿ ಒಂದು ಕೋಣೆಯೂ ಸುಲಭಕ್ಕೆ ಸಿಗುವುದಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ದರ ಇಳಿದಿರುತ್ತದೆ ನಿಜ, ಆದರೆ ಸೆಕೆ ತಡೆಯುವುದು ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ದಾರಿಯನ್ನೇ ನಂಬುವಂತಿಲ್ಲ. 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತ್ತು. ಅದೇ ತಿಂಗಳು ಸಕಲೇಶಪುರ ಘಟ್ಟದಲ್ಲಿ ಮಣ್ಣು ಕುಸಿದು ರೈಲುಗಳೂ ನಿಂತವು. ಮೊದಲ ಸಲ ಹೋಗುವವರು ಮಳೆಗಾಲವನ್ನು ಬಿಟ್ಟುಬಿಡುವುದೇ ಕ್ಷೇಮ.

ರೈಲಿನ ಟಿಕೆಟ್

ಪಶ್ಚಿಮ ಬೆಂಗಳೂರಿನವರಿಗೆ ಅತ್ಯಂತ ಅನುಕೂಲದ ಗಾಡಿ ಪಂಚಗಂಗಾ ಎಕ್ಸ್‌ಪ್ರೆಸ್. ಬೆಂಗಳೂರು ಸಿಟಿ ನಿಲ್ದಾಣದಿಂದ ಸಂಜೆ ಹೊರಟು ಯಶವಂತಪುರ, ಕುಣಿಗಲ್, ಹಾಸನ, ಸಕಲೇಶಪುರ, ಸುಬ್ರಹ್ಮಣ್ಯ ರೋಡ್ ಮಾರ್ಗವಾಗಿ ಘಟ್ಟ ಇಳಿದು, ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ, ಕುಮಟಾ ದಾಟಿ ಬೆಳಗ್ಗೆ ಕಾರವಾರ ಸೇರುತ್ತದೆ. ರಾತ್ರಿ ಗಾಡಿಯಲ್ಲೇ ಕಳೆಯುವುದರಿಂದ ಒಂದು ದಿನದ ಕೋಣೆ ಬಾಡಿಗೆ ಉಳಿಯುತ್ತದೆ. ಸ್ಲೀಪರ್ ಬೋಗಿಯೇ ಸಾಕು. ಚಳಿಗಾಲದಲ್ಲಿ ಎ.ಸಿ.ಗೆ ಹೆಚ್ಚು ಹಣ ಕೊಡುವ ಅಗತ್ಯ ನನಗಂತೂ ಕಾಣುವುದಿಲ್ಲ.

ಕೆಂಗೇರಿ, ವಿಜಯನಗರದವರು ನೇರಳೆ ಮಾರ್ಗದ ಮೆಟ್ರೋ ಹಿಡಿದು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದಲ್ಲಿ ಇಳಿದರಾಯಿತು, ಎಲ್ಲೂ ಬದಲಿಸಬೇಕಿಲ್ಲ. ರಾಜಾಜಿನಗರದವರು ಹಸಿರು ಮಾರ್ಗದಲ್ಲಿ ಯಶವಂತಪುರಕ್ಕೆ ಹೋಗಿ ಅಲ್ಲಿ ಹತ್ತಬಹುದು. ಟಿಕೆಟ್ ಮಾಡುವಾಗಲೇ ಹತ್ತುವ ನಿಲ್ದಾಣ ಯಶವಂತಪುರ ಎಂದು ನಮೂದಿಸಿ. ಬಸವೇಶ್ವರನಗರಕ್ಕೆ ಮೆಟ್ರೋ ಇಲ್ಲ. ಹೊಸಹಳ್ಳಿ ಅಥವಾ ರಾಜಾಜಿನಗರ ಮೆಟ್ರೋವರೆಗೆ ಬಸ್ಸೋ ಆಟೋವೋ ಹಿಡಿಯಬೇಕು. ಸಂಜೆಯ ದಟ್ಟಣೆ ಹೇಗಿರುತ್ತದೆಂದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ, ಗಂಟೆ ಮುಂಚೆಯೇ ಮನೆ ಬಿಡಿ.

ಮುಂಗಡ ಬುಕಿಂಗ್ ಅವಧಿ 2024ರ ನವೆಂಬರ್ 1ರಿಂದ 120 ದಿನಗಳಿಂದ 60 ದಿನಗಳಿಗೆ ಇಳಿದಿದೆ. ವಾರಾಂತ್ಯದ ಕರಾವಳಿ ಗಾಡಿಗಳು ಬೇಗ ತುಂಬುತ್ತವೆ, ಹಾಗಾಗಿ ಹೋಗುವ ಟಿಕೆಟ್ ಮಾಡಿದ ವಾರದಲ್ಲೇ ಬರುವ ಟಿಕೆಟನ್ನೂ ಮಾಡಿಬಿಡಿ. ಹೋಗಲು ಸೀಟು ಸಿಕ್ಕಿ, ಭಾನುವಾರ ರಾತ್ರಿ ಮರಳಲು ಸಿಗದೆ ಖಾಸಗಿ ಸ್ಲೀಪರ್ ಬಸ್ಸಿಗೆ ಕೇಳಿದಷ್ಟು ಕೊಟ್ಟರೆ ಉಳಿಸಿದ ಹಣವೆಲ್ಲ ಅಲ್ಲೇ ಹೋಯಿತು. ತತ್ಕಾಲ್ ಬೇಕಾದರೆ, ಗಾಡಿ ಹೊರಡುವ ಹಿಂದಿನ ದಿನ ಸ್ಲೀಪರ್‌ಗೆ ಬೆಳಗ್ಗೆ 11ಕ್ಕೆ ತೆರೆಯುತ್ತದೆ. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಕಡ್ಡಾಯ. ಆ ಕೆಲಸವನ್ನು ಮೊದಲೇ ಮುಗಿಸಿಡಿ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟದ ಹಳಿಯಲ್ಲಿ 57 ಸುರಂಗಗಳಿವೆ. ರಾತ್ರಿ ಗಾಡಿಯಲ್ಲಿ ಅದೊಂದೂ ಕಾಣುವುದಿಲ್ಲ. ಒಂದು ದಿನ ಹೆಚ್ಚಿಗೆ ಇರುವವರು ಮರಳುವಾಗ ಹಗಲು ಗಾಡಿ ಓಡುತ್ತಿದೆಯೇ ಎಂದು ವಿಚಾರಿಸಿ, ಇದ್ದರೆ ಕಿಟಕಿ ಪಕ್ಕದ ಸೀಟು ಹಿಡಿಯಿರಿ.

ಬಸ್ಸು ಯಾರಿಗೆ?

ರೈಲು ಸಿಗದಿದ್ದರೆ ಕೆಎಸ್‌ಆರ್‌ಟಿಸಿ. ಮೆಜೆಸ್ಟಿಕ್‌ನಿಂದ ಹೊರಡುವ ಕರಾವಳಿ ಬಸ್ಸುಗಳಲ್ಲಿ ಹೆಚ್ಚಿನವು ತುಮಕೂರು ರಸ್ತೆ ಹಿಡಿಯುತ್ತವೆ. ರಾಜಾಜಿನಗರ ಕಡೆಯವರು ಮೆಜೆಸ್ಟಿಕ್‌ವರೆಗೆ ಹೋಗದೆ ಗೊರಗುಂಟೆಪಾಳ್ಯದಲ್ಲೇ ಹತ್ತಬಹುದು, ಬುಕ್ ಮಾಡುವಾಗ ಆ ನಿಲುಗಡೆ ಇದೆಯೇ ನೋಡಿಕೊಳ್ಳಿ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜಹಂಸ, ಪಲ್ಲಕ್ಕಿ, ಎ.ಸಿ. ಬಸ್ಸುಗಳಿಗೆ ಇದು ಅನ್ವಯಿಸದು. ಇಡೀ ರಾತ್ರಿ ಕೆಂಪು ಬಸ್ಸಿನಲ್ಲಿ ಕೂತು ಘಟ್ಟ ಇಳಿಯುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಅದಕ್ಕೇ ನನ್ನ ಸಲಹೆ: ದೂರದ ದಾರಿಗೆ ರೈಲು, ಊರಿಂದೂರಿಗೆ ಶಕ್ತಿ.

ಇದರಲ್ಲಿ ಒಂದು ಸೂಕ್ಷ್ಮವಿದೆ. ಉತ್ತರ ಕನ್ನಡದಲ್ಲಿ, ಅಂದರೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ನಡುವೆ ಓಡಾಡಲು ವಾಯವ್ಯ ಸಾರಿಗೆಯ ಸರ್ಕಾರಿ ಬಸ್ಸುಗಳೇ ಆಧಾರ, ಮಹಿಳೆಯರು ಆಧಾರ್ ತೋರಿಸಿ ಉಚಿತವಾಗಿ ಸುತ್ತಬಹುದು. ಕುಂದಾಪುರ, ಉಡುಪಿ, ಮಂಗಳೂರಿನ ಕಡೆ ಬಂದರೆ ಖಾಸಗಿ ಬಸ್ಸುಗಳದೇ ರಾಜ್ಯ. ಅಲ್ಲಿ ಎಲ್ಲರೂ ಟಿಕೆಟ್ ಕೊಳ್ಳಬೇಕು. ಆದರೆ ಬಸ್ಸಿಗಾಗಿ ಹೆಚ್ಚು ಕಾಯಬೇಕಾಗಿಲ್ಲ.

ಒಂದೇ ಊರಲ್ಲಿ ಬೀಡು ಬಿಡಿ

ಮೂರು ದಿನದಲ್ಲಿ ಮಂಗಳೂರಿನಿಂದ ಕಾರವಾರದವರೆಗೆ ಎಲ್ಲವನ್ನೂ ಮುಟ್ಟಿ ಬರಬೇಕೆಂಬ ಹಟ ಜೇಬಿಗೂ ಮೈಗೂ ಭಾರ. ಒಂದು ಊರಲ್ಲಿ ಚೀಲ ಇಳಿಸಿ, ಸುತ್ತಲಿನದನ್ನು ನೋಡಿ. ಹಾಸ್ಟೆಲ್ ವಾಸ ಬೇಕಾದವರಿಗೆ ಗೋಕರ್ಣ. ಕೋಟೆ, ಹಿನ್ನೀರು, ಪೇಟೆ ಎಲ್ಲ ಬೇಕಾದವರಿಗೆ ಕುಮಟಾ ಅಥವಾ ಹೊನ್ನಾವರ: ಮಿರ್ಜಾನ್ ಕೋಟೆ, ಯಾಣ, ಅಪ್ಸರಕೊಂಡ, ಶರಾವತಿಯ ಕಾಂಡ್ಲಾ ವನದ ನಡಿಗೆ ಹಾದಿ, 2020ರಲ್ಲಿ ನೀಲಿ ಬಾವುಟದ ಮಾನ್ಯತೆ ಪಡೆದ ಕಾಸರಕೋಡು ಕಡಲತೀರ, ಎಲ್ಲವೂ ಹತ್ತಿರ. ಹಿರಿಯರು, ಮಕ್ಕಳ ಜೊತೆ ಹೋಗುವವರಿಗೆ ಉಡುಪಿ. ಮಲ್ಪೆ ಕೂಗಳತೆಯಲ್ಲಿದೆ, ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಕಂಬಗಳಂತೆ ನಿಂತ ಲಾವಾ ಬಂಡೆಗಳನ್ನು ನೋಡಬಹುದು. ಮಳೆಗಾಲದಲ್ಲಿ ಆ ದೋಣಿಗಳಿರುವುದಿಲ್ಲ.

ಗೋಕರ್ಣ ರೋಡ್ ರೈಲು ನಿಲ್ದಾಣ ಊರಿಂದ ಸುಮಾರು 10 ಕಿಲೋಮೀಟರ್ ದೂರ. ಬೆಳಗಿನ ಹೊತ್ತು ಆಟೋದವರು ಕೇಳುವ ದರ ಒಬ್ಬರಿಗೆ ಹೆಚ್ಚೆನಿಸುತ್ತದೆ. ಗಾಡಿಯಿಂದ ಇಳಿದ ಇನ್ನಿಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. ಅಥವಾ ಒಂದು ನಿಲ್ದಾಣ ಮೊದಲೇ, ಕುಮಟಾದಲ್ಲಿ ಇಳಿದು ಬಸ್ ನಿಲ್ದಾಣಕ್ಕೆ ಹೋಗಿ ಗೋಕರ್ಣದ ಬಸ್ ಹತ್ತಿ.

ಹಾಸ್ಟೆಲ್: ಬುಕ್ ಮಾಡುವ ಮುನ್ನ

ಪ್ರವಾಸಿ ಹಾಸ್ಟೆಲ್ ಎಂದರೆ ಕೋಣೆಗಲ್ಲ, ಮಂಚಕ್ಕೆ ಬಾಡಿಗೆ. ನಾಲ್ಕು, ಆರು ಅಥವಾ ಎಂಟು ಜನರ ಕೋಣೆ, ಒಂದರ ಮೇಲೊಂದು ಮಂಚ, ಸಾಮಾನಿಗೆ ಲಾಕರ್, ಎಲ್ಲರೂ ಸೇರಿ ಕೂರುವ ಜಗಲಿ. ಜರ್ಮನಿಯ ಶಾಲಾ ಮೇಷ್ಟ್ರು ರಿಚರ್ಡ್ ಶಿರ್‌ಮನ್ ಎಂಬವರು ಮಕ್ಕಳನ್ನು ನಡಿಗೆ ಪ್ರವಾಸಕ್ಕೆ ಕರೆದೊಯ್ಯುತ್ತಿದ್ದಾಗ 1909ರಲ್ಲಿ ಹುಟ್ಟಿದ ಆಲೋಚನೆ ಇದು. 1912ರಲ್ಲಿ ಆಲ್ಟೆನಾದ ಕೋಟೆಯಲ್ಲಿ ಅದು ಕಾಯಂ ನೆಲೆ ಕಂಡಿತು. ಬಡ ಮಕ್ಕಳೂ ಊರು ನೋಡಲಿ ಎಂಬುದು ಅದರ ಮೂಲ ಆಶಯ. ಗೋಕರ್ಣದಲ್ಲಿ ಜೋಸ್ಟೆಲ್ ಸೇರಿದಂತೆ ಇಂಥ ಹಲವು ಹಾಸ್ಟೆಲ್‌ಗಳಿವೆ. ಕೋಚಿಂಗ್‌ಗೆಂದು ಬಂದು ವಿಜಯನಗರದ ಪಿ.ಜಿ.ಗಳಲ್ಲಿ ನಾಲ್ವರು ಒಂದು ಕೋಣೆಯಲ್ಲಿ ಇರುವ ಹುಡುಗ ಹುಡುಗಿಯರಿಗೆ ಇದೇನೂ ಹೊಸದೆನಿಸದು. ನಲವತ್ತು, ಐವತ್ತು ದಾಟಿದವರೂ ಹಿಂಜರಿಯಬೇಕಿಲ್ಲ.

ಬುಕ್ ಮಾಡುವಾಗ ಮೊದಲು ನಕ್ಷೆ ತೆರೆದು ಜಾಗ ನೋಡಿ. ‘ಕಡಲ ಪಕ್ಕ’ ಎಂದು ಬರೆದುಕೊಂಡಿದ್ದರೂ ಎಷ್ಟೋ ಸಲ ಗುಡ್ಡ ಹತ್ತಿ ಇಳಿಯಬೇಕು, ಭಾರದ ಚೀಲ ಹೊತ್ತವರಿಗೆ, ಮಂಡಿನೋವಿನವರಿಗೆ ಅದು ಕಷ್ಟ. ಹೆಂಗಸರು ‘ಮಹಿಳೆಯರಿಗೆ ಮಾತ್ರ’ ಇರುವ ಡಾರ್ಮಿಟರಿಯನ್ನೇ ಆರಿಸಿ. ಅದು ತುಂಬಿದ್ದರೆ ಮಿಶ್ರ ಕೋಣೆಗೆ ಒಪ್ಪಿಕೊಳ್ಳುವ ಬದಲು ದಿನ ಬದಲಿಸಿ. ವಿಮರ್ಶೆಗಳನ್ನು ಓದುವಾಗ ಹಳೆಯವನ್ನು ಬಿಟ್ಟು ಕಳೆದ ಎರಡು ಮೂರು ತಿಂಗಳಿನವನ್ನು ಓದಿ. ಅಲ್ಲೂ ಶೌಚಾಲಯ, ನೀರು, ರಾತ್ರಿಯ ಗದ್ದಲ, ಈ ಮೂರರ ಬಗ್ಗೆ ಜನ ಏನು ಹೇಳಿದ್ದಾರೆ ನೋಡಿದರೆ ಸಾಕು. ತೆರಿಗೆ ಸೇರಿದ ಮೇಲಿನ ಒಟ್ಟು ಮೊತ್ತ ನೋಡಿ, ರದ್ದು ಮಾಡಿದರೆ ಹಣ ವಾಪಸ್ ಬರುತ್ತದೆಯೇ ಎಂಬುದನ್ನೂ ನೋಡಿ.

ಹೆಚ್ಚಿನ ಹಾಸ್ಟೆಲ್‌ಗಳು 18 ತುಂಬದವರನ್ನು ಡಾರ್ಮಿಟರಿಗೆ ಸೇರಿಸುವುದಿಲ್ಲ. ಮಕ್ಕಳಿರುವವರು ಅಲ್ಲೇ ಪ್ರತ್ಯೇಕ ಕೋಣೆ ಇದೆಯೇ ಕೇಳಿ. ಗುರುತಿಗೆ ಆಧಾರ್, ಚಾಲನಾ ಪರವಾನಗಿ ಅಥವಾ ಮತದಾರರ ಚೀಟಿ ಬೇಕು. ವಿಳಾಸವಿಲ್ಲದ ಪ್ಯಾನ್ ಕಾರ್ಡ್ ನಡೆಯುವುದಿಲ್ಲ. ಕೋಣೆ ಸಿಗುವುದು ಮಧ್ಯಾಹ್ನ, ನಿಮ್ಮ ರೈಲು ತಲುಪುವುದು ಬೆಳಗ್ಗೆ. ಹಿಂದಿನ ದಿನವೇ ಕರೆ ಮಾಡಿ ‘ಬೆಳಗ್ಗೆ ಬರುತ್ತೇವೆ, ಚೀಲ ಇಡಲು, ಮುಖ ತೊಳೆಯಲು ಜಾಗ ಕೊಡುತ್ತೀರಾ?’ ಎಂದು ಕೇಳಿ. ಬಹುಪಾಲು ಜನ ಒಪ್ಪುತ್ತಾರೆ. ಚೀಲದಲ್ಲಿ ಸ್ವಂತದ ಸಣ್ಣ ಬೀಗ, ತೆಳ್ಳನೆಯ ಟವೆಲ್, ಕಿವಿಗೆ ಹತ್ತಿ, ಟಾರ್ಚು ಇರಲಿ. ಟವೆಲ್‌ಗೆ ಕೆಲವೆಡೆ ಬೇರೆ ಬಾಡಿಗೆ ಇರುತ್ತದೆ.

ಮೂವರು ನಾಲ್ವರು ಒಟ್ಟಿಗೆ ಹೋಗುವುದಾದರೆ ಬುಕ್ ಮಾಡುವ ಮುನ್ನ ಒಂದು ಲೆಕ್ಕ ಹಾಕಿ. ನಾಲ್ಕು ಮಂಚಗಳ ಬಾಡಿಗೆ ಕೂಡಿಸಿದರೆ ಕುಮಟಾದಲ್ಲೋ ಹೊನ್ನಾವರದಲ್ಲೋ ಸ್ವಚ್ಛವಾದ ಲಾಡ್ಜ್ ಕೋಣೆ ಅದಕ್ಕಿಂತ ಅಗ್ಗಕ್ಕೆ ಸಿಗಬಹುದು. ಹಾಸ್ಟೆಲ್ ನಿಜವಾಗಿ ಲಾಭವಾಗುವುದು ಒಬ್ಬರಿಗೆ, ಇಬ್ಬರಿಗೆ.

ಯಾತ್ರಿಕರ ವಸತಿ

ಹಾಸ್ಟೆಲ್ ಬರುವ ಎಷ್ಟೋ ಕಾಲ ಮೊದಲೇ ನಮ್ಮ ಕರಾವಳಿಗೆ ಅಗ್ಗದ ವಸತಿ ಗೊತ್ತಿತ್ತು. ಉಡುಪಿ ಕೃಷ್ಣ ಮಠದ ಸುತ್ತ, ಕೊಲ್ಲೂರು, ಧರ್ಮಸ್ಥಳ, ಕುಕ್ಕೆಯಲ್ಲಿ ಕ್ಷೇತ್ರದ್ದೇ ವಸತಿಗೃಹಗಳಿವೆ. ಕುಟುಂಬದವರಿಗೆ ಇದಕ್ಕಿಂತ ನಂಬಿಕಸ್ಥ ಜಾಗವಿಲ್ಲ ಎಂಬುದು ನನ್ನ ಅಭಿಪ್ರಾಯ. ಅಲ್ಲಿಯ ಶಿಸ್ತಿಗೆ, ಉಡುಪಿನ ನಿಯಮಕ್ಕೆ ಒಪ್ಪಿ ಹೋಗಿ. ಒಂಟಿಯಾಗಿ ಹೋಗುವವರಿಗೆ ಕೋಣೆ ಕೊಡುತ್ತಾರೆಯೇ ಎಂದು ಮೊದಲೇ ಫೋನಿನಲ್ಲಿ ಕೇಳಿಕೊಳ್ಳುವುದು ಒಳಿತು. ದೊಡ್ಡ ರೈಲು ನಿಲ್ದಾಣಗಳಲ್ಲಿ ವಿಶ್ರಾಂತಿ ಕೊಠಡಿಗಳೂ ಇರುತ್ತವೆ. ಖಚಿತವಾದ ಅಥವಾ ಆರ್‌ಎಸಿ ಟಿಕೆಟಿನ ಪಿಎನ್‌ಆರ್ ಸಂಖ್ಯೆ ಕೊಟ್ಟು ಕಾದಿರಿಸಬಹುದು.

ಊಟ, ಓಡಾಟ

ಕಡಲ ದಂಡೆಯ ಗುಡಿಸಲು ಹೋಟೆಲುಗಳಲ್ಲಿ ಅಲೆಗೂ ಬೆಲೆ ಸೇರಿರುತ್ತದೆ. ಬಸ್ ನಿಲ್ದಾಣದ ಕಡೆ ನಡೆದರೆ ಬನ್ಸ್, ನೀರ್ ದೋಸೆ, ಗೋಳಿಬಜೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನದ ಮೀನೂಟ ಅರ್ಧ ಖರ್ಚಿನಲ್ಲಿ ಮುಗಿಯುತ್ತದೆ. ಉಡುಪಿ ಮಠದಲ್ಲಿ, ಗೋಕರ್ಣದ ಮಹಾಬಲೇಶ್ವರ ದೇವಸ್ಥಾನದಲ್ಲಿ ಮಧ್ಯಾಹ್ನ ಪ್ರಸಾದ ಭೋಜನವಿದೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ; ಆಗ ಮೀನಿಗೆ ಬೆಲೆಯೂ ಹೆಚ್ಚು, ಬಗೆಯೂ ಕಡಿಮೆ.

ಸ್ಕೂಟರ್ ಬಾಡಿಗೆಗೆ ಹಿಡಿಯುವುದಾದರೆ ನಂಬರ್ ಪ್ಲೇಟ್ ನೋಡಿ. ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರವಿದ್ದರೆ ಮಾತ್ರ ಅದು ಬಾಡಿಗೆಗೆ ಪರವಾನಗಿ ಪಡೆದ ಗಾಡಿ. ಬಿಳಿ ಹಲಗೆಯ ಖಾಸಗಿ ಗಾಡಿ ಅಗ್ಗಕ್ಕೆ ಸಿಕ್ಕರೂ ಬೇಡ, ಅಪಘಾತವಾದರೆ ವಿಮೆಯ ತಕರಾರು ನಿಮ್ಮ ತಲೆಗೇ ಬರುತ್ತದೆ. ಗೋಕರ್ಣದಲ್ಲಿ ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡದ ಮೇಲಿನ ಕಾಲುದಾರಿಯೇ ಸಾಕು. ಅಲ್ಲಿಂದ ಮುಂದೆ ಹಾಫ್ ಮೂನ್, ಪ್ಯಾರಡೈಸ್ ಬೀಚುಗಳ ದಾರಿ ಬಂಡೆಗಳ ಮೇಲಿನದು. ಬೆಳಗ್ಗೆ ಹೊರಟು ಕತ್ತಲಾಗುವ ಮುನ್ನ ಮರಳಿ, ನೀರು ಜೊತೆಗೆ ಒಯ್ಯಿರಿ, ಪ್ಲಾಸ್ಟಿಕ್ ವಾಪಸ್ ತನ್ನಿ.

ನೀರಿಗೆ ಇಳಿಯುವ ಮುನ್ನ

ಕೆರೆ, ಈಜುಕೊಳದಲ್ಲಿ ಈಜು ಕಲಿತವರಿಗೆ ಸಮುದ್ರದ ಒಳಸೆಳೆತ ಗೊತ್ತಿರುವುದಿಲ್ಲ. ಮೊಣಕಾಲು ಮಟ್ಟದ ನೀರಿನಲ್ಲಿ ನಿಂತಿದ್ದಾಗಲೂ ಹಿಂದಕ್ಕೆ ಸರಿಯುವ ಅಲೆ ಕಾಲಡಿಯ ಮರಳನ್ನು ಎಳೆದೊಯ್ದು ಬೀಳಿಸುತ್ತದೆ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ನೇರವಾಗಿ ಗುದ್ದಾಡಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡ ಹಿಡಿಯಿರಿ, ಕೈ ಎತ್ತಿ ಕೂಗಿ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆಂದು ಕೋಲಾರ ಜಿಲ್ಲೆಯಿಂದ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಅದು ಮಳೆಗಾಲವಾಗಿರಲಿಲ್ಲ, ಪ್ರವಾಸದ ಒಳ್ಳೆಯ ಕಾಲವೇ ಆಗಿತ್ತು. ಜೀವರಕ್ಷಕರು ಇರುವ ಕಡೆ ಮಾತ್ರ, ಹಗಲು ಹೊತ್ತಿನಲ್ಲಿ ಮಾತ್ರ ನೀರಿಗೆ ಇಳಿಯಿರಿ. ಅವರು ಸೀಟಿ ಊದಿ ಹೊರಗೆ ಬನ್ನಿ ಎಂದರೆ ವಾದಿಸದೆ ಮಕ್ಕಳ ಕೈ ಹಿಡಿದು ದಡಕ್ಕೆ ಬನ್ನಿ.