ತೆಳುಪದರದ ಕೆಲಸ ಹಿಡಿದವಳಿಗೆ

ಬೈರಮಂಗಲ

ಮಗಳೇ,

ಎಂ.ಎಸ್ಸಿ. ಮುಗಿಸಿ ಬೆಂಗಳೂರಿನ ಲ್ಯಾಬ್ ಸೇರಿದ್ದೀಯ, ಮೂರೇ ಪರಮಾಣುಗಳಷ್ಟು ದಪ್ಪದ ಮಿಶ್ರ ಪದರಗಳನ್ನು ಬೆಳೆಸುತ್ತಿದ್ದೀಯ ಎಂದು ನಿಮ್ಮಪ್ಪ ಹೇಳಿದರು. ಊರಿನ ಉಳಿದ ಮಕ್ಕಳೂ ಓದಲಿ ಅಂತ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಫರ್ನೇಸುಗಳ ಮುಂದೆ ವಯಸ್ಸು ಕಳೆದವನು ನಾನು. ಅಷ್ಟು ಅಧಿಕಾರ ಇದೆ ಅಂದುಕೋ.

ಗೈಮ್ ಮತ್ತು ನೊವೊಸೆಲೊವ್ 2004ರಲ್ಲಿ ಅಂಟುಪಟ್ಟಿಯಿಂದ ಸುಲಿದು ತೋರಿಸಿದ ಗ್ರಾಫೀನಿಗೆ ಬ್ಯಾಂಡ್ ಗ್ಯಾಪ್ ಇಲ್ಲ, ಸ್ವಿಚ್ಚಿನ ಹಾಗೆ ಪೂರ್ತಿ ಆರಿಸಲಾಗದು. ಹಾಗಾಗಿ ಬ್ಯಾಂಡ್ ಗ್ಯಾಪ್ ಇರುವ ಮಾಲಿಬ್ಡಿನಮ್ ಡೈಸಲ್ಫೈಡ್‌ಗೆ ಬೆಲೆ ಬಂತು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ 2010ರಲ್ಲೇ ಇದರ ಗ್ರಾಫೀನ್‌ನಂಥ ಪದರಗಳನ್ನು ತಯಾರಿಸಿತ್ತು. ನಿನ್ನ ಕೆಲಸ ಅದರ ಮುಂದಿನದು. ಗಂಧಕದ ಜಾಗಕ್ಕೆ ಸೆಲೆನಿಯಂ ಸೇರಿಸುತ್ತ ಹೋದರೆ ಒಂಟಿ ಪದರ ಹೊಮ್ಮಿಸುವ ಬೆಳಕಿನ ಶಕ್ತಿ ಸುಮಾರು 1.85 ಎಲೆಕ್ಟ್ರಾನ್ ವೋಲ್ಟ್‌ನಿಂದ 1.55ರವರೆಗೆ ಇಳಿಯುತ್ತದೆ. ಬೇಕಾದ ಕಡೆ ನಿಲ್ಲಿಸಬಹುದು ಅನ್ನುವುದೇ ಇದರ ಆಕರ್ಷಣೆ.

ಆದರೆ ನಿಲ್ಲಿಸಿದ್ದೇವೆ ಅಂತ ಹೇಳುವುದು ಸುಲಭ, ನಿಜವಾಗಿ ನಿಂತಿದೆಯೇ ಅಂತ ನೋಡುವುದು ಕಷ್ಟ. ಮಾಲಿಬ್ಡಿನಮ್ ಜೊತೆ ಟಂಗ್‌ಸ್ಟನ್ ಬೆರೆಸುವಾಗ ಗಮನಿಸು: ಟಂಗ್‌ಸ್ಟನ್ ಆಕ್ಸೈಡ್ ಅಷ್ಟು ಬೇಗ ಆವಿಯಾಗದು. ಮಾಲಿಬ್ಡಿನಮ್ ಮೊದಲು ಬಂದು ಕೂರುತ್ತದೆ. ಹೀಗೆ ಬೆಳೆದ ತ್ರಿಕೋನಾಕಾರದ ಹರಳಿನ ನಡುವೆ ಒಂದು ಪಾಕ, ಅಂಚಿನಲ್ಲಿ ಇನ್ನೊಂದು ಪಾಕ ಆಗಬಹುದು. ನಡುವಿನ ಒಂದೇ ಚುಕ್ಕಿಯಲ್ಲಿ ಅಳೆದು ‘ಅರ್ಧಕ್ಕರ್ಧ ಮಿಶ್ರಲೋಹ’ ಅಂತ ಬರೆದರೆ ಓದುವವರಿಗೆ ಮೋಸ. ತುದಿಯಿಂದ ತುದಿಗೆ ರಾಮನ್ ಮ್ಯಾಪ್ ಮಾಡು. ಬೇಸರದ ಕೆಲಸ, ಒಪ್ಪುತ್ತೇನೆ.

ನಿಮ್ಮಜ್ಜಿಯ ರೇಷ್ಮೆ ಹುಳುಮನೆ ನೆನಪಿದೆಯಲ್ಲ? ಪೊರೆ ಬಿಡಲು ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕದೆ, ಬಿಸಿ ತೇವ ನೋಡಿಕೊಂಡು ಕಾಯುತ್ತಿದ್ದರು. ಕ್ವಾರ್ಟ್ಜ್ ನಳಿಗೆಯ ಮುಂದೆಯೂ ಅದೇ ತಾಳ್ಮೆ ಬೇಕು. ಒಳಗೆ 700-800 ಡಿಗ್ರಿ ಶಾಖ, ಈಚೆ ತುದಿಯಲ್ಲಿ ಬೇರೆಯಾಗಿ ಕಾಯಿಸಿದ ಗಂಧಕ, ಆರ್ಗಾನ್ ಹರಿವು. ಗಂಧಕ ಇಟ್ಟ ಪುಟ್ಟ ಪಾತ್ರೆ, ಅಂದರೆ ದೋಣಿ, ಸ್ವಲ್ಪ ಸರಿದರೂ ಫಲ ಬದಲು. ಚೆನ್ನಾಗಿ ಬಂದ ದಿನ ಮಾತ್ರ ಬರೆಯುವ ಹುಡುಗರನ್ನು ಬಹಳ ನೋಡಿದ್ದೇನೆ. ಕೆಟ್ಟ ದಿನವನ್ನೇ ಹೆಚ್ಚು ವಿವರವಾಗಿ ಬರೆದಿಡು, ದೋಣಿ ಎಷ್ಟು ಸೆಂಟಿಮೀಟರ್ ದೂರದಲ್ಲಿತ್ತು ಅನ್ನುವುದನ್ನೂ ಸೇರಿಸಿ.

ಊರಿಗೆ ಬಂದಾಗ ‘ಇದರಿಂದ ನಮ್ಮ ಕೆರೆ ನೀರು ಸರಿಹೋಗುತ್ತಾ?’ ಅಂತ ಕೇಳೇ ಕೇಳುತ್ತಾರೆ. ಹೂಂ ಅನ್ನಬೇಡ. ವೃಷಭಾವತಿ ನದಿ ನಮ್ಮ ಕೆರೆಗೆ ಹೊತ್ತು ತರುವ ಬೆಂಗಳೂರಿನ ಕೊಳಕಿಗೆ ಮದ್ದು ಶುದ್ಧೀಕರಣ ಘಟಕ, ನಿನ್ನ ತ್ರಿಕೋನಗಳಲ್ಲ.

ಆದರೆ ಒಂದು ಮಾತು ಕಣಮ್ಮ. ಸೆಲೆನಿಯಂ ಜೊತೆ ಹೈಡ್ರೋಜನ್ ಬಿಟ್ಟಾಗ ಹುಟ್ಟುವ ಹೈಡ್ರೋಜನ್ ಸೆಲೆನೈಡ್ ಕಡು ವಿಷ. ಅದನ್ನು ಹಿಡಿದು ಹೀರುವ ಸ್ಕ್ರಬ್ಬರ್ ಕೆಟ್ಟಿದ್ದರೆ ಆ ದಿನ ಫರ್ನೇಸ್ ಹಚ್ಚಬೇಡ, ಗೈಡ್ ಎಷ್ಟೇ ಅವಸರ ಮಾಡಲಿ. ಬೇರೆಯವರು ಹೊರಗೆ ಬಿಟ್ಟದ್ದು ಎಲ್ಲಿಗೆ ಬಂದು ನಿಲ್ಲುತ್ತದೆ ಅಂತ ಬೈರಮಂಗಲದ ಹುಡುಗಿಗೆ ನಾನು ಹೇಳಿಕೊಡಬೇಕಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ