‘ನೈಸ್’ ಪದದ ಅರ್ಥಪಲ್ಲಟ

ಇಂಗ್ಲಿಷ್ ಕಲಿಯುವ ಮಗುವಿಗೆ ಮೊದಮೊದಲು ಪರಿಚಯವಾಗುವ ಗುಣವಾಚಕಗಳಲ್ಲಿ ‘ನೈಸ್’ ಒಂದು. ಊಟ, ಹವೆ, ಸೀರೆ, ಸ್ವಭಾವ ಯಾವುದಕ್ಕೂ ಹೊಂದುವ ಈ ಪದಕ್ಕೆ ನಿಘಂಟಿನ ನೆರವು ಬೇಕೆಂದು ಯಾರಿಗೂ ತೋರುವುದಿಲ್ಲ. ಹಳೆಯ ಇಂಗ್ಲಿಷ್ ಕೃತಿಗಳನ್ನು ಕನ್ನಡಿಸುವವರು ಎಡವುವುದು ಇಂತಹ ಪದಗಳಲ್ಲಿಯೇ. ಕಠಿಣ ಪದ ಅನುವಾದಕನನ್ನು ತಡೆದು ನಿಲ್ಲಿಸುತ್ತದೆ. ಪರಿಚಿತ ಪದ ಅವನನ್ನು ನಂಬಿಸಿ ದಾರಿ ತಪ್ಪಿಸುತ್ತದೆ.

ಷೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದ ಐದನೆಯ ಅಂಕದ ಎರಡನೆಯ ದೃಶ್ಯವನ್ನು ನೋಡಬಹುದು. ತಾನು ಬರೆದ ಪತ್ರ ರೋಮಿಯೋವಿಗೆ ತಲುಪಲೇ ಇಲ್ಲವೆಂದು ತಿಳಿದಾಗ ಸಂನ್ಯಾಸಿ ಲಾರೆನ್ಸ್, ಆ ಪತ್ರ ‘ನೈಸ್’ ಆಗಿರಲಿಲ್ಲ ಎನ್ನುತ್ತಾನೆ. ಇಂದಿನ ಅರ್ಥವನ್ನೇ ಹಿಡಿದು ‘ಪತ್ರ ಚೆನ್ನಾಗಿರಲಿಲ್ಲ’ ಎಂದರೆ ಸನ್ನಿವೇಶವೇ ಕೆಡುತ್ತದೆ. ಅದು ಕ್ಷುಲ್ಲಕವಾದ ಪತ್ರವಲ್ಲ, ಗುರುತರವಾದ ವಿಷಯವನ್ನು ಹೊತ್ತಿತ್ತು ಎಂಬುದು ಅವನ ಮಾತಿನ ತಾತ್ಪರ್ಯ.

ಈ ಪದದ ಮೂಲ ಲ್ಯಾಟಿನ್ನಿನ ‘ನೆಸ್ಕಿಯುಸ್’. ‘ನೆ’ ಎಂಬುದು ನಿಷೇಧವಾಚಿ. ‘ಸ್ಕೀರೆ’ ಎಂದರೆ ತಿಳಿ, ಅರಿ. ಒಟ್ಟಿನಲ್ಲಿ ಅರಿವಿಲ್ಲದವನು, ಅಜ್ಞ. ‘ಸೈನ್ಸ್’ ಹುಟ್ಟಿದ್ದೂ ಇದೇ ‘ಸ್ಕೀರೆ’ಯಿಂದ. ಅರಿವಿನ ಶಾಸ್ತ್ರವೂ ಅರಿವುಗೇಡಿಯೂ ಒಂದೇ ಬೇರಿನ ಎರಡು ಟಿಸಿಲುಗಳು. ಹಳೆಯ ಫ್ರೆಂಚಿನಲ್ಲಿ ಪೆದ್ದ ಎಂಬ ಅರ್ಥ ತಾಳಿದ ಪದ 13ನೆಯ ಶತಮಾನದ ಕೊನೆಯ ವೇಳೆಗೆ ಇಂಗ್ಲಿಷಿಗೆ ಬಂದಿತು. ಅಲ್ಲಿ ಪೆದ್ದುತನದಿಂದ ಸ್ವೇಚ್ಛಾಚಾರ, ಅತಿಯಾದ ನಾಜೂಕು, ಸಂಕೋಚ, ಸುಲಭವಾಗಿ ಮೆಚ್ಚದ ಸ್ವಭಾವ ಎಂದು ಅರ್ಥ ಹರಿದಾಡಿತು. ನಾಜೂಕಿನಿಂದ ಸೂಕ್ಷ್ಮತೆಗೂ ನಿಷ್ಕೃಷ್ಟತೆಗೂ ದೂರವಿಲ್ಲ. 16, 17ನೆಯ ಶತಮಾನಗಳ ಎಷ್ಟೋ ಪ್ರಯೋಗಗಳಲ್ಲಿ ಲೇಖಕನಿಗೆ ಯಾವ ಅರ್ಥ ಉದ್ದಿಷ್ಟವೆಂದು ಹೇಳುವುದು ಕಷ್ಟವೆಂದು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರೇ ಒಪ್ಪಿದ್ದಾರೆ. ‘ಹಿತವಾದ’ ಎಂಬ ಅರ್ಥ ನೆಲೆಯೂರಿದ್ದು 18ನೆಯ ಶತಮಾನದ ಉತ್ತರಾರ್ಧದಲ್ಲಿ. 1817ರ ಕೊನೆಯಲ್ಲಿ ಪ್ರಕಟವಾದ ಜೇನ್ ಆಸ್ಟೆನ್ನಳ ‘ನಾರ್ತಾಂಗರ್ ಆಬಿ’ಯ ಹೊತ್ತಿಗೆ ಅದು ಎಷ್ಟು ಸವೆದಿತ್ತೆಂದರೆ, ಕಂಡದ್ದಕ್ಕೆಲ್ಲ ಈ ಒಂದೇ ಪದವನ್ನು ಬಳಸುವ ನಾಯಕಿಯನ್ನು ಹೆನ್ರಿ ಟಿಲ್ನಿ ಛೇಡಿಸುತ್ತಾನೆ.

ನಿಂದೆ ಪ್ರಶಂಸೆಯಾಗುವ ಈ ಅರ್ಥೋತ್ಕರ್ಷ ಕನ್ನಡದ ವಿದ್ಯಾರ್ಥಿಗೆ ಹೊಸದೇನಲ್ಲ. ‘ಮುಗ್ಧ’ ಪದವನ್ನೇ ಪರಿಶೀಲಿಸಬಹುದು. ಅದು ಸಂಸ್ಕೃತದ ‘ಮುಹ್’ ಧಾತುವಿನಿಂದ ಬಂದದ್ದು. ಮೂಲಾರ್ಥ ದಿಗ್ಭ್ರಮೆಗೊಂಡ, ಮತಿಗೆಟ್ಟ ಎಂದು. ‘ಮೂಢ’ವೂ ಅದೇ ಧಾತುವಿನ ರೂಪ. ಒಡಹುಟ್ಟಿದ ಇವೆರಡರಲ್ಲಿ ಒಂದು ಬೈಗುಳವಾಗಿ ಉಳಿಯಿತು, ಇನ್ನೊಂದು ಕಾವ್ಯಮೀಮಾಂಸೆಯ ‘ಮುಗ್ಧಾ’ ನಾಯಿಕೆಯಾಗಿ, ಮಗುವಿನ ನಗುವಿನ ವಿಶೇಷಣವಾಗಿ ಮೇಲೇರಿತು. ಹಳೆಯ ಅರ್ಥ ‘ಮಂತ್ರಮುಗ್ಧ’ದಲ್ಲಿ ಮಾತ್ರ ಅಡಗಿ ಕುಳಿತಿದೆ. ಇಂಗ್ಲಿಷಿನ ‘ಸಿಲ್ಲಿ’ಯದು ಇದಕ್ಕೆ ವಿರುದ್ಧವಾದ ಪಯಣ: ಧನ್ಯ, ನಿಷ್ಪಾಪಿ ಎಂದಿದ್ದುದು ಪಾಪದವನಾಗಿ, ಕೊನೆಗೆ ಪೆದ್ದನಾಯಿತು. ಜರ್ಮನ್ನಿನ ‘ಜೇಲಿಷ್’ ಇಂದಿಗೂ ಧನ್ಯನೇ. ಆದ್ದರಿಂದ ವ್ಯುತ್ಪತ್ತಿಯೇ ಪದದ ‘ನಿಜವಾದ’ ಅರ್ಥವೆಂಬ ವಾದ ನಿಲ್ಲುವುದಿಲ್ಲ. ವ್ಯುತ್ಪತ್ತಿ ಪದ ಹೊರಟ ಊರನ್ನು ಹೇಳುತ್ತದೆಯೇ ಹೊರತು ಈಗಿರುವ ಮನೆಯನ್ನಲ್ಲ.

ಕನ್ನಡಕ್ಕೆ ಬಂದ ‘ನೈಸ್’ನ ಕತೆ ಇನ್ನೂ ಸ್ವಾರಸ್ಯವಾದುದು. ಅಡುಗೆಮನೆಯಲ್ಲಿ ‘ನೈಸಾಗಿ ರುಬ್ಬು’ ಎಂದರೆ ತರಿಯಿಲ್ಲದಂತೆ ನುಣ್ಣಗೆ ಎಂದೇ ಅರ್ಥ. ಇಂದಿನ ಇಂಗ್ಲಿಷಿನವನಿಗೆ ಇದು ತಿಳಿಯಲಾರದು. ‘ನೈಸಾಗಿ ಜಾರಿಕೊಂಡ’ ಎಂದರೆ ಸದ್ದಿಲ್ಲದೆ ನುಣುಚಿಕೊಂಡ. ‘ನೈಸ್ ಮಾಡು’ ಎಂದರೆ ಪೂಸಿ ಹೊಡೆದು ಕೆಲಸ ಸಾಧಿಸಿಕೊಳ್ಳುವುದು. ಈ ಮೂರೂ ಅರ್ಥಗಳಿಗೆ ಕನ್ನಡದ ‘ನಯ’ ಪದದಲ್ಲಿ ಅಚ್ಚು ಸಿದ್ಧವಾಗಿಯೇ ಇತ್ತೆಂದು ತೋರುತ್ತದೆ. ನಯವಾದ ಬಟ್ಟೆ, ನಯವಾದ ಮಾತು, ನಯವಂಚಕ ಇವುಗಳಲ್ಲಿ ನುಣುಪು, ಮೃದುತ್ವ, ಮೋಸಗಳು ಆಗಲೇ ಒಟ್ಟಿಗೆ ಇವೆ. ಧ್ವನಿಸಾಮ್ಯವುಳ್ಳ ಪರಕೀಯ ಪದ ಬಂದಾಗ ಅದನ್ನು ಇದೇ ಅಚ್ಚಿಗೆ ಎರೆದಿರುವುದು ಸಹಜ. ಕನ್ನಡ ನಿಘಂಟುಕಾರನು ‘ನೈಸ್’ ಪದವನ್ನು ‘ಚೆನ್ನಾದ, ಇಂ.’ ಎಂದು ಬರೆದು ಮುಗಿಸಿದರೆ ಈ ಮೂರು ಅರ್ಥಗಳಲ್ಲಿ ಒಂದನ್ನೂ ದಾಖಲಿಸಿದಂತಾಗುವುದಿಲ್ಲ. ಅದಕ್ಕೆ ಪ್ರತ್ಯೇಕ ಉಲ್ಲೇಖವೂ, ಪಕ್ಕದಲ್ಲಿಯೇ ‘ನಯ’ವನ್ನು ನೋಡಿ ಎಂಬ ಸೂಚನೆಯೂ ಬೇಕು.